ಕುತ್ತಿಗೆಯ ನವಾರ

ಬೆಳಿಗ್ಗೆ ಸ್ನಾನ ಮುಗಿಸಿ ಬಂದವಳೇ ಮಲ್ಲೇಶ್ವರಿ ಹತ್ತಿ ಬಿಡಿಸುವ ಚೀಲವನ್ನು ಮತ್ತೊಮ್ಮೆ ಹಾಕಿಕೊಂಡಳು. ನವಾರದ ಪಟ್ಟಿಯನ್ನು ತಲೆಯ ಮೇಲಿಂದ ಇಳಿಸಿ ಕುತ್ತಿಗೆಗೆ ಬಿಟ್ಟಳು, ಲಾಡಿಯನ್ನು ಸೊಂಟದ ಹಿಂದೆ ಕಟ್ಟಿದಳು. ಅಡುಗೆಮನೆಯಿಂದ ಐದು ಕಿಲೋ ಜೋಳದ ಗಂಟು ತಂದು ಹೊಟ್ಟೆಯ ಮುಂದೆ ತೂಗುತ್ತಿದ್ದ ಚೀಲದೊಳಗೆ ಇಳಿಸಿ, ಕಿಟಕಿಯ ಹತ್ತಿರ ಹೋಗಿ, ಹತ್ತಿ ಬಿಡಿಸುವವರ ಹಾಗೆ ಸ್ವಲ್ಪ ಬಾಗಿ ನಿಂತಳು. ಹೊರಗೆ ಭೀಮರಾಯನಗುಡಿ ಕ್ಯಾಂಪಿನ ಒಂದೇ ನಮೂನೆಯ ಮನೆಗಳ ಮೇಲೆ ಡಿಸೆಂಬರಿನ ಬಿಸಿಲು ಇನ್ನೂ ಏರುತ್ತಿತ್ತು. ಭಾರ ಕುತ್ತಿಗೆಯ ಹಿಂದೆ ಸಮನಾಗಿ ಹರಡಿತು. ಎಲ್ಲಿಯೂ ಏನೂ ಒತ್ತಲಿಲ್ಲ. ಹತ್ತು ತಿಂಗಳಿಂದ ಅವಳು ವಾರಕ್ಕೆ ಎರಡು ಸಲವಾದರೂ ಹೀಗೆ ನಿಂತು ನೋಡಿದ್ದಳು, ಪ್ರತಿ ಸಲವೂ ಚೀಲ ಸರಿಯಾಗಿಯೇ ಇತ್ತು. ಗಂಡ ದೇವಿಂದ್ರ ತಪ್ಪು ಮಾಡಿರಲಿಲ್ಲ ಎಂಬ ಸಮಾಧಾನ ಒಮ್ಮೆಲೇ ಬಂದು, ಬಂದಷ್ಟೇ ಬೇಗ ಹೋಗಿಬಿಡುತ್ತಿತ್ತು. ಆಮೇಲೆ ಜೋಳ ತೆಗೆದು ಡಬ್ಬಿಗೆ ಹಾಕುವ ಕೆಲಸ ಉಳಿಯುತ್ತಿತ್ತು.

ಜೋಳ ಹಾಕುತ್ತಿರುವಾಗಲೇ ಫೋನು ಬಂತು. ಶಹಾಪುರದ ಹಂಪಣ್ಣ, ಚೀಲ ಹೊಲಿಯುವ ಅಂಗಡಿಯವನು. ಕೂಲಿ ಹೆಂಗಸರ ಒಕ್ಕೂಟಕ್ಕೆ ಐನೂರು ಚೀಲ ಹೊಲಿದುಕೊಡಲು ಒಪ್ಪಿಕೊಂಡಿದ್ದ.

"ಮೇಡಂ, ಸಂಜಿಯೊಳಗ ಒಂದು ಮಾತು ಹೇಳಿಬಿಡ್ರಿ. ನಾಳಿ ಮುಂಜಾನಿ ಬಟ್ಟಿಗೆ ಕತ್ತರಿ ಹಚ್ಚತೀನಿ."

"ಹೇಳೋದೇನದ ಹಂಪಣ್ಣಾವ್ರ? ಇದ್ದಂಗ ಹೊಲೀರಿ."

"ಇದ್ದಂಗ ಹೊಲದ್ರ ಯಾರ್ ನೋಡ್ತಾರ್ರೀ ಅದನ್ನ! ಮೊಬೈಲಿಗೊಂದು ಕಿಸೆ, ಎಲಿ ಅಡಕಿಗೊಂದು ಕಿಸೆ, ಬಾಜೂಕ ನೀರಿನ ಬಾಟ್ಲಿಗೊಂದು ಜಾಳಗಿ, ಮ್ಯಾಲೊಂದು ಝಿಪ್ಪು. ಯಾದಗಿರಿ ಪ್ರದರ್ಶನದಾಗ ಇಟ್ರ ಮಂದಿ ನಿಂತು ನೋಡಬೇಕು. ಈಗ ಹ್ಯಾಂಗದ ಅಂದ್ರ, ಹಿಟ್ಟಿನ ಚೀಲಕ್ಕ ಹಗ್ಗ ಕಟ್ಟಿದಂಗದ."

"ಝಿಪ್ಪಿಲ್ಲದಿದ್ರ ಹತ್ತಿ ಬಿಡಿಸಾಕ ಬರಲ್ಲೇನ್ರಿ?"

"ಇದು ಸರ್ ಮಾತು ನೋಡ್ರಿ," ಎಂದ ಹಂಪಣ್ಣ ಮೆಲ್ಲಗೆ. "ಆಯ್ತು. ಸಂಜಿಕ ಬರ್ರಿ. ನನ್ನ ಕಿಸೆ ಒಂದಾದ್ರೂ ಉಳಸ್ರಿ."

ಅದು ಒಕ್ಕೂಟದ ಕೆಲಸ ನೋಡಿಕೊಳ್ಳುತ್ತಿದ್ದ ದೇವಿಂದ್ರನ ಮಾತೇ ಆಗಿತ್ತು. ಒಕ್ಕೂಟದವರು ಮೊದಲ ಸಲ ಕೂತು ಚೀಲದಲ್ಲಿ ಏನೇನು ಬೇಕು ಎಂದು ಹೇಳಿದಾಗ ಅವನು ಎಲ್ಲವನ್ನೂ ಬರೆದುಕೊಂಡು ಬಂದಿದ್ದ, ಹದಿನಾಲ್ಕು ಇದ್ದವು. ಒಂದೊಂದರ ಮುಂದೆಯೂ ಒಂದೇ ಪ್ರಶ್ನೆ: ಇದು ಇಲ್ಲದಿದ್ದರೆ ಹತ್ತಿ ಬಿಡಿಸಲು ಬರುವುದಿಲ್ಲವೇ? ಬರುತ್ತದೆ ಎಂದಾದರೆ ಗೀಟು. ಕಿಸೆಗೆ ಗೀಟು, ಮುಚ್ಚಳಕ್ಕೆ ಗೀಟು, ಎರಡು ಭುಜಗಳ ಪಟ್ಟಿಗೆ ಗೀಟು, ಕುತ್ತಿಗೆಗೆ ಒಂದು ನವಾರ ಇದ್ದರೆ ಸಾಕು. ಕೊನೆಗೆ ಉಳಿದದ್ದು ಮೂರು: ಲಾಡಿ ಹಚ್ಚಿದ ಬಟ್ಟೆ, ನವಾರ, ಕೆಳಗೆ ಎಳೆದರೆ ಬಿಚ್ಚಿಕೊಳ್ಳುವ ಬಾಯಿ. ಬಿಡಿಸಿದ ಹತ್ತಿಯನ್ನು ಸೀರೆಯ ಉಡಿಯಲ್ಲಿ ಕಟ್ಟಿಕೊಂಡು ಬದುವಿಗೆ ಬಂದು ಗಂಟು ಬಿಚ್ಚಿ ಸುರಿದು ಮತ್ತೆ ಕಟ್ಟಿಕೊಳ್ಳುವ ತಾಪತ್ರಯ ತಪ್ಪಿಸುವುದೊಂದೇ ಚೀಲದ ಕೆಲಸ, ಉಳಿದದ್ದೆಲ್ಲ ನಮ್ಮ ಹೆಚ್ಚುಗಾರಿಕೆ ಎನ್ನುತ್ತಿದ್ದ. ಮನೆಯಲ್ಲೂ ಅದೇ. ಮದುವೆಯಲ್ಲಿ ಬಂದ ಹನ್ನೆರಡು ಸ್ಟೀಲ್ ಲೋಟಗಳನ್ನು ನೋಡಿ, ನಾವಿಬ್ಬರೇ ಅಲ್ಲವೇ ಎಂದು ನಾಲ್ಕನ್ನು ಉಳಿಸಿ ಉಳಿದವನ್ನು ಕೊಟ್ಟುಬಿಟ್ಟ. ಕಿಟಕಿಗೆ ಪರದೆ ಬೇಕು ಎಂದು ಅವಳು ಕೇಳಿದಾಗ, ಇಲ್ಲದಿದ್ದರೆ ಏನಾಗುತ್ತದೆ ಎಂದು ನಿಜವಾಗಿಯೂ ತಿಳಿದುಕೊಳ್ಳಬೇಕೆಂಬ ಮುಖ ಮಾಡಿ ಕೇಳಿದ್ದ. ಅವಳಿಗೆ ಸಿಟ್ಟು ಬಂದಿತ್ತು. ಎಂ.ಎಸ್ಸಿ. ಓದಿದವಳು, ಒಂದು ಪರದೆಗೆ ಕಾರಣ ಕೊಡಲಾರದೆ ಸುಮ್ಮನಾದೆನಲ್ಲ ಎಂದು ಎರಡು ದಿನ ಮಾತು ಬಿಟ್ಟಿದ್ದಳು. ಈಗ ಪರದೆ ಇದೆ. ಯಾರೂ ಕಾರಣ ಕೇಳಲಿಲ್ಲ. ಬೇಡವಾದದ್ದನ್ನೆಲ್ಲ ತೆಗೆಯುತ್ತ ಹೋದ ಮನುಷ್ಯ ಫೆಬ್ರುವರಿಯ ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ. ಅವನಿಲ್ಲದೆಯೂ ಹಾಲು ಬಂತು, ನಲ್ಲಿಗೆ ನೀರು ಬಂತು, ಒಕ್ಕೂಟದವರು ಅವನ ಕುರ್ಚಿಯಲ್ಲಿ ಅವಳನ್ನು ಕೂರಿಸಿದರು. ಎಲ್ಲವೂ ನಡೆಯಿತು. ನಡೆಯಿತಲ್ಲ ಎಂಬುದಕ್ಕೆ ಅವಳು ಯಾರನ್ನೂ ಕ್ಷಮಿಸಿರಲಿಲ್ಲ.

ಅದಕ್ಕೇ ಚೀಲಕ್ಕೆ ಯಾರನ್ನೂ ಕೈ ಹಚ್ಚಗೊಡುತ್ತಿರಲಿಲ್ಲ. ಅವನು ಕೊನೆಯದಾಗಿ ತೀರ್ಮಾನಿಸಿದ್ದು ಅದನ್ನೇ. ಒಂದು ಕಿಸೆ ಸೇರಿದರೂ ಅದು ಬೇರೆ ಯಾರದೋ ಚೀಲವಾಗುತ್ತದೆ, ಆಮೇಲೆ ಅವನು ತೀರ್ಮಾನಿಸಿದ್ದು ಎಂದು ತೋರಿಸಲು ಈ ಊರುಗಳಲ್ಲಿ ಏನೂ ಉಳಿಯುವುದಿಲ್ಲ. ಇವತ್ತು ಸಂಜೆಯೊಳಗೆ ಹಂಪಣ್ಣನ ಬಾಯಿ ಮುಚ್ಚಿಸಬೇಕಾದರೆ ಹೊಲದ ಹೆಂಗಸರ ಮಾತು ಬೇಕು. ಬೋನಾಳದ ಹತ್ತಿರ ಮೋನಮ್ಮನ ಗುಂಪಿಗೆ ಹತ್ತು ಚೀಲ ಕೊಟ್ಟು ಹದಿನೈದು ದಿನವಾಗಿತ್ತು. ಫೋನಿನಲ್ಲಿ ಕೇಳಿದಾಗಲೆಲ್ಲ ಮೋನಮ್ಮ "ಭಾಳ ಛಲೋ ಅದ್ರಿ" ಎಂದೇ ಹೇಳುತ್ತಿದ್ದಳು. ಆ ಮಾತನ್ನು ಎದುರಿಗೆ ನಿಂತು ಕೇಳಿಸಿಕೊಂಡು ಬರಲು ಮಲ್ಲೇಶ್ವರಿ ಸುರಪುರದ ಬಸ್ಸು ಹತ್ತಿದಳು. ಕಿಟಕಿಯ ಪಕ್ಕ ಕೂತವಳಿಗೆ ದಾರಿಯುದ್ದಕ್ಕೂ ಭತ್ತದ ಗದ್ದೆ, ಕಾಲುವೆ, ಮತ್ತೆ ಎರೆ ಹೊಲದಲ್ಲಿ ಒಡೆದು ನಿಂತ ಹತ್ತಿ. ಮುಂದಿನ ಸೀಟಿನಲ್ಲಿ ಯಾರೋ ಒಬ್ಬಳು ತನ್ನ ಗಂಡನ ಭುಜಕ್ಕೆ ತಲೆ ಒರಗಿಸಿ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದಳು. ಅವಳ ಜೊಲ್ಲು ಅವನ ಅಂಗಿಯ ಮೇಲೆ ಇಳಿದಿತ್ತು. ಅವನು ಅಲುಗಾಡದೆ ಕೂತಿದ್ದ. ಮಲ್ಲೇಶ್ವರಿ ಇಳಿಯುವತನಕ ಆ ಒದ್ದೆಯನ್ನೇ ನೋಡುತ್ತಿದ್ದಳು.

ಹೊಲದಲ್ಲಿ ಹತ್ತು ಹೆಂಗಸರು ಸಾಲು ಹಿಡಿದಿದ್ದರು. ಮೋನಮ್ಮ ದೂರದಿಂದಲೇ ಕೂಗಿದಳು.

"ಬರ್ರಿ ಅಕ್ಕೋರ, ಬರ್ರಿ! ಚೀಲ ನೋಡಾಕ ಬಂದೀರೋ, ನಮ್ಮನ್ನ ನೋಡಾಕ ಬಂದೀರೋ?"

"ಎರಡೂ."

"ಹಂಗಾದ್ರ ಬರಿಗೈಲೆ ಯಾಕ ಬಂದ್ರಿ? ಚೀಲಕ್ಕ ಹಸಿವಿ ಆಗಲ್ಲ, ನಮಗ ಆಗ್ತದ."

ಸಾಲೆಲ್ಲ ನಕ್ಕಿತು. ಮಲ್ಲೇಶ್ವರಿಯೂ ನಕ್ಕಳು, ನಕ್ಕದ್ದು ತನಗೇ ಹೊಸದಾಗಿ ಕೇಳಿಸಿತು. ಆದರೆ ಹತ್ತಿರ ಹೋದಂತೆ ಅವಳಿಗೆ ಕಿರಿಕಿರಿಯಾಗತೊಡಗಿತು. ಚೀಲವನ್ನು ಯಾರೂ ಸರಿಯಾಗಿ ಹಾಕಿಕೊಂಡಿರಲಿಲ್ಲ. ಒಬ್ಬಳು ನವಾರವನ್ನು ಶಾಲೆಯ ಹುಡುಗರಂತೆ ಒಂದೇ ಭುಜಕ್ಕೆ ಜೋತುಬಿಟ್ಟಿದ್ದಳು. ಮತ್ತೊಬ್ಬಳು ಅದನ್ನು ಕುತ್ತಿಗೆಗೆ ಹಾಕದೆ ಮಡಚಿ ಸೊಂಟಕ್ಕೇ ಕಟ್ಟಿಕೊಂಡಿದ್ದಳು, ಚೀಲ ಮೊಣಕಾಲಿಗೆ ಬಡಿಯುತ್ತಿತ್ತು. ಮೋನಮ್ಮನ ಕುತ್ತಿಗೆಯಲ್ಲೇನೋ ನವಾರ ಇತ್ತು, ಆದರೆ ಅದರ ಕೆಳಗೆ ದಪ್ಪನೆಯ ಟವೆಲ್ಲು. ಸಾಲಿನ ಕೊನೆಯಲ್ಲಿ ಸಾಯಬಮ್ಮ ಎಂಬ ಮುದುಕಿಯೊಬ್ಬಳೇ ಚಿತ್ರದಲ್ಲಿ ಬರೆದ ಹಾಗೆ ನೆಟ್ಟಗೆ ಹಾಕಿಕೊಂಡು, ಎರಡೂ ಕೈಯಿಂದ ಸರಸರ ಹತ್ತಿ ಬಿಡಿಸುತ್ತಿದ್ದಳು. ಕಲಿಸಿಕೊಡಬೇಕಾಗಿತ್ತು, ತಾನು ಬಂದು ಕಲಿಸಲಿಲ್ಲ ಎಂದು ಮಲ್ಲೇಶ್ವರಿಗೆ ಅನಿಸಿತು. ಭುಜಕ್ಕೆ ಜೋತುಬಿಟ್ಟಿದ್ದವಳು ಸಪ್ನಾ ಎಂಬ ಹೊಸ ಸೊಸೆ, ಕೈತುಂಬ ಹಸಿರು ಬಳೆ. ಮಲ್ಲೇಶ್ವರಿ ಅವಳ ಹತ್ತಿರ ಹೋಗಿ ತಾನೇ ನವಾರವನ್ನು ಎತ್ತಿ ತಲೆಯ ಮೇಲಿಂದ ಕುತ್ತಿಗೆಗೆ ಇಳಿಸಿದಳು.

"ಹಿಂಗ ಹಾಕ್ಕೋಬೇಕು ತಂಗಿ. ಒಂದೇ ಭುಜಕ್ಕ ಹಾಕ್ಕೊಂಡ್ರ ಬೆನ್ನು ಸೊಟ್ಟ ಆಗ್ತದ."

"ಹೂಂರಿ," ಎಂದಳು ಸಪ್ನಾ, ನೆಲ ನೋಡುತ್ತ.

ಎರಡು ಸಾಲು ದಾಟಿ ತಿರುಗಿ ನೋಡಿದಾಗ ನವಾರ ಮತ್ತೆ ಭುಜಕ್ಕೆ ಹೋಗಿತ್ತು. ಮಲ್ಲೇಶ್ವರಿಯ ಕಿವಿ ಬೆಚ್ಚಗಾಯಿತು. ಬೋನಾಳದ ಕೆರೆಯ ಕಡೆಯಿಂದ ಹಕ್ಕಿಗಳ ಗುಂಪೊಂದು ತಲೆಯ ಮೇಲೆ ಹಾದುಹೋದಾಗ ಎಲ್ಲರೂ ಅದನ್ನೇ ನೆಪಮಾಡಿಕೊಂಡು ಮೇಲೆ ನೋಡಿದರು. ಅವಳು ಒಬ್ಬೊಬ್ಬರನ್ನೇ ಕೇಳಿದಳು, ಕುತ್ತಿಗಿಗೆ ಏನರ ತ್ರಾಸ ಅದ ಏನು? ಏನಿಲ್ರಿ. ಭಾಳ ಛಲೋ ಅದ್ರಿ. ಏನೂ ಇಲ್ರಿ ಅಕ್ಕೋರ. ಸಾಯಬಮ್ಮ ಮಾತ್ರ ತಾನಾಗಿ ಹೇಳಿದಳು: "ನನಗಂತೂ ಹೂ ಇಟ್ಟಂಗದವ್ವಾ. ಉಡಿ ಕಟ್ಟಿ ಕಟ್ಟಿ ಸೊಂಟ ಹೋಗಿತ್ತು. ನಿನ್ನ ಗಂಡ ಪುಣ್ಯಾ ಕಟ್ಕೊಂಡ." ಇದನ್ನು ಹಂಪಣ್ಣನಿಗೆ ಇದ್ದದ್ದು ಇದ್ದ ಹಾಗೆ ಹೇಳಬೇಕು ಎಂದುಕೊಂಡಳು ಮಲ್ಲೇಶ್ವರಿ.

ಮಧ್ಯಾಹ್ನ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿದರು. ಮೋನಮ್ಮ ಅವಳ ಕೈಗೂ ಒಂದು ರೊಟ್ಟಿ, ಪುಂಡಿಪಲ್ಯ ಹಾಕಿಕೊಟ್ಟು, ಬೆವರು ಒರೆಸಿಕೊಳ್ಳಲು ಕುತ್ತಿಗೆಯ ಟವೆಲ್ಲನ್ನು ಎಳೆದಳು. ಮಲ್ಲೇಶ್ವರಿ ಅವಳ ಹಿಂದೆ ಕೂತಿದ್ದಳು. ಮೋನಮ್ಮನ ಹೆಗಲು ಮತ್ತು ತುರುಬಿನ ನಡುವೆ, ಕರಿಮಣಿಯ ಸರದ ಗುಂಟ, ಚರ್ಮದ ಮೇಲೆ ಸಣ್ಣ ಸಣ್ಣ ಗುಳಿಗಳ ಸಾಲು ಮೂಡಿತ್ತು. ಕೆಲವು ಕೆಂಪಗೆ, ಕೆಲವು ಒಣಗಿ ಕಪ್ಪಾಗಿದ್ದವು. ಎರಡು ಕಡೆ ಚರ್ಮ ಒಡೆದಿತ್ತು.

"ಇದೇನವ್ವ ಮೋನಮ್ಮ?"

ಮೋನಮ್ಮ ಟವೆಲ್ಲನ್ನು ಮತ್ತೆ ಮೇಲಕ್ಕೆಳೆದುಕೊಂಡಳು. "ಏನಿಲ್ರಿ. ನವಾರ ಮಣಿ ಮ್ಯಾಲ ಕುಂದ್ರತದಲ್ಲ, ಹತ್ತಿ ತುಂಬಿದಂಗ ಒಳಗ ನೆಡ್ತಾವ. ಟವೆಲ್ ಹಾಕ್ಕೊಂಡ್ರ ಏನೂ ಆಗಲ್ಲ."

"ಎಲ್ಲಾರಿಗೂ ಹಿಂಗ ಆಗ್ಯಾದೇನು?"

ಸಪ್ನಾ ಒಬ್ಬಳೇ, "ಸರ ಬಿಚ್ಚಿಟ್ಟು ಬರ್ತೀನಿ ಅಂದ್ರ ಅತ್ತಿ ಮನಿಯಾಗ ಕಾಲಿಡಗೊಡಲ್ರಿ," ಎಂದಳು. ಪಕ್ಕದವಳು ಅವಳ ತೊಡೆ ಚಿವುಟಿದಳು.

"ಫೋನಿನಾಗ ನನಗ ಒಂದು ಮಾತು ಹೇಳಬಾರದಾಗಿತ್ತೇನು ಮೋನಮ್ಮ? ಹದಿನೈದು ದಿನ ಆತು."

"ಏನಂತ ಹೇಳೋದ್ರಿ?" ಮೋನಮ್ಮ ರೊಟ್ಟಿ ಮುರಿಯುತ್ತ, ಅವಳ ಕಡೆ ನೋಡದೆ ಹೇಳಿದಳು. "ತಾಳಿ ಒತ್ತತದ ಅಂತ ನಿಮ್ಮ ಮುಂದ ಹ್ಯಾಂಗ ಹೇಳಾಕ ಬರ್ತದ?"

ಆಗ ಸಾಯಬಮ್ಮ ಬಾಯಿಯ ತುತ್ತು ನುಂಗಿ, ಯಾವ ಭಾರವೂ ಇಲ್ಲದ ದನಿಯಲ್ಲಿ, "ನಮಗಿಬ್ಬರಿಗೆ ಏನು ಒತ್ತಬೇಕು ತಗೋ," ಎಂದಳು.

"ಸುಮ್ಕಿರ ಮುದುಕೀ!" ಎಂದು ನಾಲ್ಕು ಬಾಯಿ ಒಮ್ಮೆಲೇ ಗದರಿದವು. ಮಲ್ಲೇಶ್ವರಿ ಕೈಯಲ್ಲಿದ್ದ ರೊಟ್ಟಿಯನ್ನು ತಿಂದು ಮುಗಿಸಿದಳು. ತಿನ್ನದಿದ್ದರೆ ಅವರಿಗೆ ಇನ್ನೂ ನೋವಾಗುತ್ತಿತ್ತು.

ಮರಳುವ ಬಸ್ಸಿನಲ್ಲಿ ಅವಳಿಗೆ ನಿಲ್ಲಲು ಮಾತ್ರ ಜಾಗ ಸಿಕ್ಕಿತು. ಮೇಲಿನ ಕಂಬಿ ಹಿಡಿದ ಕೈ ಜೋಮು ಹಿಡಿದರೂ ಬದಲಿಸಲಿಲ್ಲ. ಚೀಲವನ್ನು ಮೊದಲ ಸಲ ಹಾಕಿ ನೋಡಿದ ಆ ಭಾನುವಾರ ಮಧ್ಯಾಹ್ನವೂ ಹೀಗೇ ಸೆಕೆ ಇತ್ತು. ದೇವಿಂದ್ರ ತನ್ನ ಕೈಯಿಂದಲೇ ಹೊಲಿದ ಮೊದಲ ಚೀಲವನ್ನು ಅವಳಿಗೆ ಹಾಕಿ, ತುಂಬಲು ಹತ್ತಿ ಇಲ್ಲವೆಂದು ತಮ್ಮ ಎರಡೂ ತಲೆದಿಂಬುಗಳ ಹೊಲಿಗೆ ಬಿಚ್ಚಿದ್ದ. ಹತ್ತಿ ಸಾಲದೆ ಕೆಳಗೆ ಎರಡು ಇಟ್ಟಿಗೆಯನ್ನೂ ಇಟ್ಟ. ಹಳೆಯ ಹತ್ತಿ ಮನೆತುಂಬ ಹಾರಾಡಿ ಅವನ ಹುಬ್ಬಿಗೆ ಅಂಟಿಕೊಂಡಿತ್ತು. ನಡಿ, ಬಾಗು, ಎಡಕ್ಕೆ ತಿರುಗು ಎಂದು ಹೇಳುತ್ತ ಅವಳ ಸುತ್ತ ಬಂದ, ಗುಡಿ ಸುತ್ತಿದ ಹಾಗೆ. ಮೊದಲ ಸುತ್ತಿಗೇ ಕುತ್ತಿಗೆಯ ಹಿಂದೆ ಮಣಿಗಳು ಚುಚ್ಚಿದವು. ಎರಡನೆಯ ಸುತ್ತಿಗೆ ಕಣ್ಣಲ್ಲಿ ನೀರು ಬರುವಷ್ಟು. "ಕುತ್ತಿಗಿಗೆ ಏನರ ಒತ್ತತದೇನು?" ಎಂದು ಅವನು ಕೇಳಿದ, ಪೆನ್ನು ಹಿಡಿದುಕೊಂಡು. ಅವನ ಮುಖದಲ್ಲಿ ಹದಿನಾಲ್ಕರಿಂದ ಮೂರಕ್ಕೆ ಇಳಿದು ಬಂದವನ ಸಂತೋಷ ಇತ್ತು. ಅದನ್ನು ಕೆಡಿಸಲು ಅವಳಿಗೆ ಮನಸ್ಸಾಗಲಿಲ್ಲ. ಇನ್ನೊಂದು ಕಾರಣವೂ ಇತ್ತು, ಅದನ್ನು ಆಗ ಅವಳು ತನಗೂ ಹೇಳಿಕೊಂಡಿರಲಿಲ್ಲ: ಆ ಚುಚ್ಚು ಅವಳಿಗೆ ಬೇಕಾಗಿತ್ತು. ಅವನು ಕಟ್ಟಿದ್ದು, ಅವನು ಹೊಲಿದದ್ದು, ಎರಡೂ ಸೇರಿ ತನ್ನ ಮೈಯ ಒಂದೇ ಜಾಗದಲ್ಲಿ ಗುರುತು ಮೂಡಿಸುತ್ತಿವೆ ಎನ್ನುವುದು ಹೇಳಲು ನಾಚಿಕೆಯಾಗುವಂಥ ಒಂದು ಸುಖವಾಗಿತ್ತು. "ಏನಿಲ್ಲ," ಎಂದಳು. ಅವನು ಬರೆದುಕೊಂಡ. ಎರಡು ದಿನ ಸೆರಗನ್ನು ಹೊದ್ದುಕೊಂಡೇ ಓಡಾಡಿ ಆ ಗುರುತನ್ನು ಅವನಿಂದ ಮುಚ್ಚಿಟ್ಟಳು. ಆಮೇಲೆ ಫೆಬ್ರುವರಿ ಬಂತು. ಒಂದು ಮಧ್ಯಾಹ್ನ ಯಾರೋ ಹಿಂದಿನಿಂದ ಕೈಹಾಕಿ ಸರ ಬಿಚ್ಚಿದರು. ಕುತ್ತಿಗೆಗೆ ಗಾಳಿ ತಾಗಿದ್ದೊಂದೇ ನೆನಪು. ಅಲ್ಲಿಂದ ಚೀಲ ಅವಳಿಗೆ ಹೂವಿನಂತೆ ಕೂತಿತ್ತು. ತನ್ನ ಸುಳ್ಳಿನ ಮೇಲೆ ನಿಂತ ಚೀಲವನ್ನು ಹತ್ತು ತಿಂಗಳು ಅವನ ಹೆಸರಿನಲ್ಲಿ ಕಾಯ್ದಿದ್ದಳು. ಹೊಲದ ಹೆಂಗಸರು ತನ್ನ ಬರಿಗೊರಳು ನೋಡಿ ಸುಳ್ಳು ಹೇಳಿದ್ದರು. ಅವನ ಪ್ರಶ್ನೆ ಸರಿಯಾಗಿಯೇ ಇತ್ತು. ಅವನಿಗೆ ಯಾರೂ ಉತ್ತರ ಕೊಟ್ಟಿರಲಿಲ್ಲ.

ಈಗ ಸುಮ್ಮನಿದ್ದರೂ ನಡೆಯುತ್ತಿತ್ತು. ಟವೆಲ್ಲು ಹಾಕಿಕೊಳ್ಳುತ್ತಾರೆ. ಐನೂರು ಕುತ್ತಿಗೆಗೆ ಐನೂರು ಟವೆಲ್ಲು. ಚೀಲ ಅವನದಾಗಿಯೇ ಉಳಿಯುತ್ತದೆ. ಶಹಾಪುರದ ಬಸ್‌ಸ್ಟ್ಯಾಂಡಿನಿಂದ ಅಂಗಡಿಯವರೆಗೆ ನಡೆಯುವಾಗ ಅವಳು ಎರಡು ಸಲ ನಿಂತಳು. ಒಂದು ಸಲ ಮನೆಯ ಕಡೆಗೆ ತಿರುಗಿಯೂಬಿಟ್ಟಿದ್ದಳು.

ಹಂಪಣ್ಣ ಒಳಗೆ ಮೇಜಿನ ಮೇಲೆ ಎರಡು ಚೀಲಗಳನ್ನು ಹರಡಿಕೊಂಡು ಕಾಯುತ್ತಿದ್ದ. ಒಂದು ಅವನೇ ಹೊಲಿಸಿದ್ದು, ಕಿಸೆ, ಜಾಳಿಗೆ, ಹೊಳೆಯುವ ಝಿಪ್ಪು. ಇನ್ನೊಂದು ದೇವಿಂದ್ರನ ಕೈಹೊಲಿಗೆಯದು, ಮಾದರಿಗೆಂದು ಬೆಳಿಗ್ಗೆ ಅವಳೇ ಕಳಿಸಿಕೊಟ್ಟದ್ದು. ಮೂಲೆಯ ಮಶೀನಿನ ಹಿಂದೆ ಕೊರಳಿಗೆ ಟೇಪು ಹಾಕಿಕೊಂಡ ಮುದುಕ ಮಸ್ತಾನಸಾಬ ಕಾಜಾ ಹಾಕುತ್ತಿದ್ದ.

"ಏನಂದ್ರು ಹೆಣ್ಮಕ್ಕಳು? ಕಿಸೆ ಕೇಳಿದ್ರೋ ಇಲ್ಲೋ?" ಎಂದ ಹಂಪಣ್ಣ.

"ಕಿಸೆ ಬ್ಯಾಡ್ರಿ. ಜಾಳಗಿ ಬ್ಯಾಡ, ಝಿಪ್ಪು ಬ್ಯಾಡ." ಅವಳು ಉಸಿರು ತೆಗೆದುಕೊಂಡಳು. "ಕುತ್ತಿಗಿ ನವಾರ ತಗೀರಿ. ಎರಡು ಪಟ್ಟಿ ಎರಡೂ ಭುಜದ ಮ್ಯಾಲಿಂದ ಹೋಗಿ ಬೆನ್ನಿನ ಮ್ಯಾಲ ಕೂಡಬೇಕು. ಲಾಡಿಗೆ ಬಂದು ಸೇರಬೇಕು."

ಹಂಪಣ್ಣ ಕನ್ನಡಕ ತೆಗೆದ. "ಏನ್ ಚೇಷ್ಟಿ ಮಾಡಾಕತ್ತೀರೇನ್ರಿ? ನವಾರ ಐನೂರು ತುಂಡು ಕತ್ತರಿಸಿಟ್ಟೀನಿ. ಎಂಟು ತಿಂಗಳಿಂದ ಒಂದು ದಾರಾ ಹಚ್ಚಾಕ ಕೊಟ್ಟಿಲ್ಲ ನೀವು. ಈಗ ಬುಡಕ್ಕ ಕೈ ಹಾಕ್ತೀರಿ!"

"ಗೊತ್ತದ್ರಿ. ಆದ್ರೂ ತಗೀರಿ."

"ಸರ್ ಖುದ್ದ ನನ್ನ ಮುಂದ ಹೇಳ್ಯಾರ. ಭುಜದ ಪಟ್ಟಿ ಬ್ಯಾಡ, ಕುತ್ತಿಗಿಗೆ ಒಂದು ಸಾಕು, ಮನಿಯಾಗ ಹಾಕಿ ನೋಡೀನಿ, ಏನೂ ಒತ್ತಲ್ಲ ಅಂತ. ಅವ್ರ ಮಾತಿಗಿಂತ ಯಾರ್ ಮಾತು ದೊಡ್ಡದಾತು ಈಗ?"

ಮಶೀನಿನ ಸದ್ದು ನಿಂತಿತು. ಮಲ್ಲೇಶ್ವರಿ ಮೇಜಿನ ಮೇಲಿನ ಹಳೆಯ ಚೀಲವನ್ನು ತನ್ನ ಕಡೆಗೆ ಎಳೆದುಕೊಂಡಳು. ನವಾರ ಸೇರುವಲ್ಲಿ ಅವನ ಹೊಲಿಗೆ ಸೊಟ್ಟಪಟ್ಟವಾಗಿತ್ತು, ಮೂರು ಸಲ ಹಿಂದೆ ಮುಂದೆ ಹೊಲಿದು ಗಟ್ಟಿ ಮಾಡಿದ್ದ.

"ನನ್ನ ಮ್ಯಾಲೇ ಹಾಕಿ ನೋಡಿದ್ರು. ಒತ್ತತದೇನು ಅಂತ ಕೇಳಿದ್ರು. ಒತ್ತತಿತ್ತು. ಮಣಿ ನೆಟ್ಟು ರಕ್ತ ಬಂದಿತ್ತು." ದನಿ ಇಷ್ಟು ಸಮನಾಗಿ ಬಂದದ್ದು ಅವಳಿಗೇ ಆಶ್ಚರ್ಯವಾಯಿತು. "ನಾನು ಇಲ್ಲ ಅಂದೆ. ಅವ್ರದು ಏನೂ ತಪ್ಪಿಲ್ಲ ಹಂಪಣ್ಣಾವ್ರ. ನಾ ಸುಳ್ಳು ಹೇಳಿದ್ದೆ."

ಹಂಪಣ್ಣ ಅವಳ ಕುತ್ತಿಗೆಯ ಕಡೆ ನೋಡಿ, ಬೇಗನೆ ಕಣ್ಣು ತೆಗೆದು ಬೀದಿಯ ಕಡೆ ನೋಡತೊಡಗಿದ. "ನಮ್ಮ ಮನ್ಯಾಕಿನೂ ಹಂಗೇ," ಎಂದ, ಯಾರಿಗೆಂದಲ್ಲದೆ. "ಚಪ್ಪಲಿ ಕಡದ್ರೂ ಹೇಳಲ್ಲ." ಆಮೇಲೆ ಮೂಲೆಯ ಕಡೆ ತಿರುಗಿ ಕೂಗಿದ: "ಮಸ್ತಾನಸಾಬ್, ಕತ್ತರಿ ಕೊಡ್ರಿ ಅವರಿಗೆ."

ಕತ್ತರಿ ಭಾರವಾಗಿತ್ತು. ಅವಳು ಅವನ ಹೊಲಿಗೆಯ ಪಕ್ಕದಲ್ಲಿ, ಹೊಲಿಗೆಗೆ ತಾಗದಂತೆ, ಎರಡೂ ಕಡೆ ನವಾರವನ್ನು ಕತ್ತರಿಸಿದಳು. ಇನ್ನು ಇದು ಅವನು ಬಿಟ್ಟುಹೋದ ಚೀಲವಲ್ಲ. ಮಸ್ತಾನಸಾಬ ರೀಲಿನಿಂದ ಹೊಸ ನವಾರ ಎರಡು ಉದ್ದ ಅಳೆದು ಕತ್ತರಿಸಿ, ಮಶೀನಿಗೆ ಕೊಟ್ಟು, ಹತ್ತು ನಿಮಿಷದಲ್ಲಿ ಹೊಲಿದು ತಂದ. ಅಂಗಡಿಯ ಹಳೆಯ ಬಟ್ಟೆಯ ಗಂಟೊಂದನ್ನು ಒಳಗೆ ತುಂಬಿದರು. ಅವಳು ಹಾಕಿಕೊಂಡಳು. ನವಾರ ಭುಜದ ಮೇಲಿಂದ ಇಳಿದು ಬೆನ್ನಿಗೆ ಅಡ್ಡವಾಗಿ ಬಿಗಿಯಿತು.

"ನಾಳಿ ಇದನ್ನ ಮೋನಮ್ಮಗ ಒಂದು ದಿನ ಹಾಕಿ ನೋಡಿದ ಮ್ಯಾಲೇ ಕತ್ತರಿ ಹಚ್ಚರಿ," ಎಂದಳು. ಹಂಪಣ್ಣ ಹೂಂಗುಟ್ಟಿದ.

ಮಸ್ತಾನಸಾಬ ಬಾಯಲ್ಲಿ ಪಿನ್ನು ಕಚ್ಚಿಕೊಂಡು ಅವಳ ಹಿಂದೆ ಒಂದು ಮಾರು ದೂರದಲ್ಲಿ ನಿಂತು ತಲೆ ಓರೆ ಮಾಡಿ ನೋಡಿದ. "ಎಲ್ಲ್ಯಾರ ಒತ್ತತದೇನು ಬೇಟಿ?"

"ಏನಿ..." ಎಂದು ಶುರುಮಾಡಿದವಳು ನಿಲ್ಲಿಸಿದಳು. ಕಣ್ಣು ಮುಚ್ಚಿದಳು. "ಎಡಕ್ಕ ಒತ್ತತದ. ರೆಟ್ಟಿ ಹತ್ರ."

"ಹಾಂ, ಹಿಂಗ ಹೇಳಬೇಕು ನೋಡು." ಅವನು ಹತ್ತಿರ ಬಂದು ಹಿಂದಿನಿಂದ ನವಾರವನ್ನು ಒಂದು ಬೆರಳಿನಷ್ಟು ಸಡಿಲಿಸಿ ಪಿನ್ನು ಚುಚ್ಚಿದ. "ಈಗ?"

"ಇನ್ನಾ ಅದ."

ಮತ್ತೊಂದು ಬೆರಳು. ಮುದುಕನ ಉಸಿರು, ಸೀಮೆಸುಣ್ಣದ ವಾಸನೆ, ಬೀದಿಯಲ್ಲಿ ಆಟೋದವನೊಬ್ಬ ಭೀಮರಾಯನಗುಡಿ ಭೀಮರಾಯನಗುಡಿ ಎಂದು ಕೂಗುತ್ತಿದ್ದುದು. "ಈಗ?"

ಒತ್ತುವುದು ನಿಂತಿತ್ತು. ಇಲ್ಲ ಎಂದುಬಿಟ್ಟರೆ ಅವನು ಪಿನ್ನು ತೆಗೆದುಕೊಂಡು ಮಶೀನಿಗೆ ಹೋಗುತ್ತಾನೆ, ಮತ್ತೆ ಯಾರೂ ಕೇಳುವುದಿಲ್ಲ. ಮಲ್ಲೇಶ್ವರಿ ಕಣ್ಣು ತೆರೆಯಲಿಲ್ಲ.

"ಅವಸರಿಲ್ಲ," ಎಂದ ಮಸ್ತಾನಸಾಬ ಹಿಂದಿನಿಂದ. "ನೋಡಿ ಹೇಳು."